ಕೀಮೋ ಮುಗಿಸಿ ಮನೆಗೆ ಬಂದ ಮೇಲೆ ಡಾಕ್ಟರಿಗೆ ಏನನ್ನು, ಹೇಗೆ ತಿಳಿಸಬೇಕು

ಬಹುತೇಕ ಕೀಮೋಗಳಲ್ಲಿ ಔಷಧ ಕೊಟ್ಟ 7ರಿಂದ 14ನೇ ದಿನದ ನಡುವೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಅಳೆಯುವ ಮೊದಲೇ ಪ್ಯಾರಸಿಟಮಾಲ್ ನುಂಗಬೇಡಿ. ಜ್ವರ ಅಡಗುತ್ತದೆ, ಸೋಂಕು ಅಡಗುವುದಿಲ್ಲ.

ಉಳಿದದ್ದಕ್ಕೆ ಒಂದು ನೋಟ್‌ಬುಕ್ ಸಾಕು. ‘ತುಂಬಾ ಭೇದಿ’ ಎಂದರೆ ಡಾಕ್ಟರಿಗೆ ಏನೂ ತಿಳಿಯದು. ‘ದಿನಕ್ಕೊಂದು ಸಲ ಆಗುತ್ತಿದ್ದದ್ದು ನಿನ್ನೆಯಿಂದ ಐದು ಸಲ, ರಕ್ತವಿಲ್ಲ, ಒಂದೂವರೆ ಲೀಟರ್ ನೀರು ಕುಡಿದಿದ್ದೇನೆ’ ಎನ್ನಿ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಅಂದೇ ತಿಳಿಸಿ.

ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ನುಂಗುವವರು ಅಂಗೈ, ಅಂಗಾಲು ಕೆಂಪಾಗಿ ಉರಿದರೆ ಬೆಳಕಿನಲ್ಲಿ ಫೋಟೊ ತೆಗೆದು ಕಳಿಸಿ. ಡೋಸ್ ಇಳಿಸಿಬಿಡುತ್ತಾರೆಂದು ಹೆದರಿ ಮುಚ್ಚಿಟ್ಟರೆ ಚರ್ಮ ಸುಲಿದು, ಚಿಕಿತ್ಸೆಯನ್ನೇ ನಿಲ್ಲಿಸಬೇಕಾದೀತು. ಫೋನ್ ಮಾಡುವಾಗ ಔಷಧದ ಹೆಸರು, ಕೊನೆಯ ಕೀಮೋ ದಿನಾಂಕ, ಆಸ್ಪತ್ರೆಯ ಫೈಲ್ ನಂಬರ್ ಕೈಯಲ್ಲಿರಲಿ.