ಅಜ್ಜಿಯ ಕಥೆ ಬಿಟ್ಟು ಸ್ನಾನದ ಕಥೆ ಬರೆದೆ: ನನ್ನ ಎರಡನೇ ಸಲದ ಮೆಡಿಕಲ್ ಸ್ಕೂಲ್ ಅರ್ಜಿ

ಈ ಮಾರ್ಚ್‌ನಲ್ಲಿ ಎರಡನೇ ಸೀಟು ಬಂತು. ಒಂದು ನಾವಿರುವ ಮಿಷಿಗನ್‌ನಲ್ಲೇ, ಇನ್ನೊಂದು ಪಕ್ಕದ ಒಹಾಯೊದಲ್ಲಿ. ಹೋದ ವರ್ಷದ ಯುಗಾದಿ ಊಟದಲ್ಲಿ "ಇಷ್ಟು ಸಣ್ಣ ವಿಷಯ ಬರೆದರೆ ಯಾರಪ್ಪಾ ಕರೀತಾರೆ?" ಎಂದು ಕೇಳಿದ್ದ ಡಾಕ್ಟರ್ ಅಂಕಲ್‌ಗಳ ಮನೆಗೆಲ್ಲ ಹೋಗಿ ಮೈಸೂರು ಪಾಕ್ ಕೊಟ್ಟು ಬಂದೆ. ಪ್ರೈಮರಿ ಅಂದ್ರೆ ಎಲ್ಲ ಕಾಲೇಜಿಗೂ ಹೋಗುವ ಒಂದೇ ಅರ್ಜಿ, ಸೆಕೆಂಡರಿ ಅಂದ್ರೆ ಆಮೇಲೆ ಒಂದೊಂದು ಕಾಲೇಜೂ ಬೇರೆಯಾಗಿ ಕೇಳುವ ಪ್ರಬಂಧಗಳು. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸಲ್ಲ. ಎರಡನೇ ಸಲ ಅರ್ಜಿ ಹಾಕುವವರಿಗೆ ಅದು ಬಾಯಿಪಾಠವಾಗಿರುತ್ತೆ. "ನೀವು ಎದುರಿಸಿದ ಒಂದು ಕಷ್ಟ ಬರೆಯಿರಿ" ಎಂದು ಸೆಕೆಂಡರಿಯಲ್ಲಿ ಕೇಳುವ ಆ ಒಂದು ಪ್ರಶ್ನೆಗೆ ವಿಷಯ ಹೇಗೆ ಆರಿಸಿದೆ ಅನ್ನುವುದಷ್ಟೇ ಹೇಳುತ್ತೇನೆ.

ಮೊದಲ ಸಲ 22 ಕಾಲೇಜಿಗೆ ಹಾಕಿದ್ದೆ. ಪ್ರೈಮರಿಗೇ 1,100 ಡಾಲರ್ ದಾಟಿತು. ಸೆಕೆಂಡರಿ ಸುಮಾರು 18 ಬಂದವು, ಒಂದೊಂದಕ್ಕೆ ಹತ್ತಿರ ಹತ್ತಿರ 100. ಪ್ರಬಂಧ ತಿದ್ದಿಕೊಡುವ ಒಬ್ಬ ಕನ್ಸಲ್ಟಂಟ್‌ಗೆ 2,000. ಹೆಚ್ಚುಕಡಿಮೆ ಐದು ಸಾವಿರ ಡಾಲರ್ ಅಪ್ಪನ ಜೇಬಿನಿಂದ ಹೋಯಿತು. ಒಂದೇ ಒಂದು ಇಂಟರ್‌ವ್ಯೂ ಬಂತು. ಫೆಬ್ರವರಿಯಲ್ಲಿ "ಇಲ್ಲ" ಅಂದರು.

ಆಗ ಬರೆದಿದ್ದು ಮೈಸೂರಿನ ಅಜ್ಜಿಯ ಸಾವಿನ ಬಗ್ಗೆ. ಕೋವಿಡ್ ಸಮಯ, ನಾವು ಹೋಗಲಾಗಲಿಲ್ಲ, ಫೋನಿನಲ್ಲೇ ಕೊನೆಯ ಮುಖ ನೋಡಿದೆವು. ಕನ್ಸಲ್ಟಂಟ್‌ಗೆ ತುಂಬಾ ಇಷ್ಟವಾಯಿತು. ಪ್ರತಿ ಸಾಲನ್ನೂ ನುಣುಪು ಮಾಡಿಕೊಟ್ಟರು. ಆದರೆ ಇಂಟರ್‌ವ್ಯೂನಲ್ಲಿ ಒಬ್ಬರು ಮೆಲ್ಲಗೆ ಕೇಳಿದರು: "ಆಗ ನೀವೇನು ಮಾಡಿದಿರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಳು ಬಂದಿದ್ದು ನಿಜ, ಆದರೆ ಕಷ್ಟ ಪಟ್ಟಿದ್ದು ಅಜ್ಜಿ, ಆಮೇಲೆ ಅಮ್ಮ. ನಾನು ನೋಡುತ್ತಾ ನಿಂತಿದ್ದೆ, ಅಷ್ಟೇ.

ಎರಡನೇ ಸಲ ಮೊದಲು ಎಂಕ್ಯಾಟ್, ಅಂದ್ರೆ ಮೆಡಿಕಲ್ ಪ್ರವೇಶ ಪರೀಕ್ಷೆಯ ಬಗ್ಗೆ ಬರೆದು ನೋಡಿದೆ. 507 ಬಂದಿತ್ತು, ಮತ್ತೆ ಓದಿ 512 ಮಾಡಿದೆ. ಎರಡು ವಾರ ಕೂತು ಬರೆದು ಕಸಕ್ಕೆ ಹಾಕಿದೆ. ಅಂಕ ಅರ್ಜಿಯಲ್ಲೇ ಇದೆ, ಪ್ರಬಂಧದಲ್ಲಿ ಮತ್ತೆ ಹೇಳಿದರೆ ಸಬೂಬು ಹೇಳಿದ ಹಾಗೆ ಕೇಳಿಸುತ್ತೆ. ಆಮೇಲೆ "ಮೊದಲ ಸಲ ಸೀಟು ಸಿಗದಿದ್ದೇ ನನ್ನ ಕಷ್ಟ" ಎಂದು ಬರೆದೆ. ನಮ್ಮಂಥವರೆಲ್ಲ ಒಮ್ಮೆ ಈ ಗುಂಡಿಗೆ ಬೀಳುತ್ತೇವೆ ಅಲ್ವಾ? ಎಷ್ಟೋ ಕಾಲೇಜುಗಳು "ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತು?" ಎಂದು ಬೇರೆಯಾಗಿಯೇ ಕೇಳುತ್ತವೆ. ಇಲ್ಲಿ ಖರ್ಚು ಮಾಡಿಬಿಟ್ಟರೆ ಅಲ್ಲಿಗೆ ಏನೂ ಉಳಿಯಲ್ಲ. ಅದನ್ನೂ ಬಿಟ್ಟೆ.

ಕೊನೆಗೆ ಬರೆದಿದ್ದು ಸ್ನಾನದ ಬಗ್ಗೆ. ಸೀಟಿಗೆ ಕಾಯುತ್ತಿದ್ದ ಆ ಗ್ಯಾಪ್ ವರ್ಷದಲ್ಲಿ ನಾನು ಸಿಎನ್‌ಎ, ಅಂದ್ರೆ ನರ್ಸ್‌ಗಳ ಕೈಕೆಳಗಿನ ಸಹಾಯಕ ಆಗಿದ್ದೆ. ಇಲ್ಲಿನ ನರ್ಸಿಂಗ್ ಹೋಮ್, ಅಂದ್ರೆ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗ. ಗಂಟೆಗೆ 17 ಡಾಲರ್ ಚಿಲ್ಲರೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ಹತ್ತು ಹನ್ನೊಂದು ಜನರನ್ನು ಎಬ್ಬಿಸಿ, ತೊಳೆಸಿ, ಬಟ್ಟೆ ಹಾಕಿ ಕೂರಿಸಬೇಕು. ನಾನು ಎಲ್ಲರಿಗಿಂತ ಬೇಗ ಮುಗಿಸುತ್ತಿದ್ದೆ, ಅದೇ ಹೆಮ್ಮೆ. ನವೆಂಬರ್‌ನಲ್ಲಿ ಒಂದು ದಿನ ಶಿಫ್ಟಿನ ಹೊಣೆ ಹೊತ್ತ ಚಾರ್ಜ್ ನರ್ಸ್ ಪಕ್ಕಕ್ಕೆ ಕರೆದು, "ನಿನ್ನ ಕೆಲಸ ಮುಗಿಯುತ್ತೆ, ಆದರೆ ಅವರು ನಿನ್ನನ್ನು ಕಂಡರೆ ಹೆದರುತ್ತಾರೆ" ಅಂದರು. ಮರೆವಿನ ಕಾಯಿಲೆಯ ಒಬ್ಬ ತಾತ ನಾನು ಶವರ್ ಹಿಡಿದರೆ ಹೊಡೆಯೋಕೆ ಬರುತ್ತಿದ್ದರು. ಅದು ಕಾಯಿಲೆಯಿಂದ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ನನ್ನ ಆತುರದಿಂದ.

ಮನೆಗೆ ಬಂದು ಊಟ ಮಾಡುತ್ತಾ ಅಮ್ಮನಿಗೆ ಹೇಳಿದೆ. "ಒಮ್ಮೆಲೇ ತಲೆ ಮೇಲೆ ನೀರು ಸುರಿದರೆ ಯಾರಿಗಾದರೂ ದಿಗಿಲಾಗುತ್ತೆ ಕಣೋ. ಮೊದಲು ಪಾದಕ್ಕೆ ಹಾಕು" ಅಂದಳು. ಮಾರನೇ ದಿನದಿಂದ ಹಾಗೇ ಮಾಡಿದೆ. ಬೆಚ್ಚಗಿನ ಟವೆಲ್ ಹೊದಿಸಿ, ಸ್ಟೂಲ್ ಮೇಲೆ ಕೂತು, ಪಾದದಿಂದ ಶುರು, ಮುಖ ಮತ್ತು ತಲೆ ಕೊನೆಗೆ. ಮರೆವಿನವರಿಗೆ ಇದನ್ನೇ ಮಾಡಬೇಕು ಎಂದು ನರ್ಸಿಂಗ್‌ನವರಿಗೂ ಗೊತ್ತಿರುವ ವಿಷಯ, ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು. ಹೊಂದಿಸೋಕೆ ಶಿಫ್ಟಿಗೆ ಅರ್ಧ ಗಂಟೆ ಮುಂಚೆ ಹೋದೆ. ಮೊದಲ ತಿಂಗಳು ತಾತ ಇನ್ನೂ ಹೊಡೆಯುತ್ತಲೇ ಇದ್ದರು. ಜನವರಿಯ ಹೊತ್ತಿಗೆ ತಾವೇ ಕಾಲು ಮುಂದೆ ಚಾಚತೊಡಗಿದರು.

ಇದನ್ನೇ ಬರೆಯುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ಮೆಡಿಕಲ್‌ಗೆ ಅರ್ಜಿ ಹಾಕುವವರಿಗೆ ದಾರಿ ಹೇಳುವ ಕಾಲೇಜಿನ ಪ್ರೀಮೆಡ್ ಸಲಹೆಗಾರರು "ನಿನ್ನ ತಪ್ಪನ್ನು ನೀನೇ ಯಾಕೆ ಹೇಳಿಕೊಳ್ತೀಯ?" ಅಂದರು. ಅದಕ್ಕೆ ಒಂದು ಪರೀಕ್ಷೆ ಮಾಡಿದೆ. ಅಜ್ಜಿ, ಎಂಕ್ಯಾಟ್, ಸ್ನಾನ, ಮೂರೂ ಪ್ರಬಂಧವನ್ನು ಐದು ಜನರಿಗೆ ಕೊಟ್ಟೆ. ಒಂದು ವಾರ ಬಿಟ್ಟು "ಏನು ನೆನಪಿದೆ?" ಎಂದು ಕೇಳಿದೆ. ಅಜ್ಜಿಯದು "ಬೇಜಾರಿನ ಕಥೆ". ಎಂಕ್ಯಾಟ್ ಒಬ್ಬರಿಗೂ ನೆನಪಿಲ್ಲ. ಸ್ನಾನದ್ದರಲ್ಲಿ ನಾಲ್ವರು ಪಾದದ ವಿಷಯ ಹೇಳಿದರು.

ನನ್ನ ನಿಜವಾದ ವಿಧಾನ ಇದು: ಮೊದಲು ಕನ್ನಡದಲ್ಲಿ ಹೇಳುವುದು. ಫೋನಿನಲ್ಲಿ ರೆಕಾರ್ಡ್ ಇಟ್ಟು, ಅಮ್ಮನಿಗೆ ಹೇಳುವ ಹಾಗೆ ಹೇಳಿದೆ. ಇಂಗ್ಲಿಷಿನಲ್ಲಾದರೆ "ರೆಸಿಲಿಯನ್ಸ್", "ಗ್ರೋತ್" ಎಂದು ಬರೆದು ದಾಟಿಬಿಡಬಹುದು. ಅಮ್ಮನ ಮುಂದೆ ಆ ಮಾತು ಆಡೋಕಾಗಲ್ಲ. ಏನಾಯಿತು, ನಾನೇನು ಮಾಡಿದೆ, ಮಾರನೇ ದಿನ ಏನು ಬದಲಿಸಿದೆ ಅಂತಲೇ ಹೇಳಬೇಕು. ಅಜ್ಜಿಯ ಕಥೆಯನ್ನೂ ಹೀಗೆ ಹೇಳಿ ನೋಡಿದೆ. ಎರಡು ನಿಮಿಷಕ್ಕೆ ಮಾತು ಮುಗಿದುಹೋಯಿತು. ಸ್ನಾನದ್ದು ಹದಿನಾಲ್ಕು ನಿಮಿಷ ನಡೆಯಿತು. ಅಲ್ಲೇ ತೀರ್ಮಾನ ಆಯಿತು. ನಡುವೆ ಅದನ್ನು ಫೋನಿನ ಆ್ಯಪ್‌ನಲ್ಲಿ ಇಂಗ್ಲಿಷಿಗೆ ತಿರುಗಿಸಿಯೂ ನೋಡಿದೆ, ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ. ಕೇಳಿಸಿಕೊಂಡು ಹೊಸದಾಗಿ ಬರೆಯಬೇಕು.

ಒಂದೊಂದು ಕಾಲೇಜಿನ ಮಿತಿ ಒಂದೊಂದು, ಅದಕ್ಕೆ ಪ್ರಬಂಧವನ್ನು ಮೂರು ಅಳತೆಯಲ್ಲಿ ಇಟ್ಟುಕೊಂಡೆ: 250 ಪದ, 2,000 ಅಕ್ಷರ, 500 ಪದ. ತಾತನ ಊರು, ಮಾಡುತ್ತಿದ್ದ ಕೆಲಸ, ರೂಮು ಎಲ್ಲ ತೆಗೆದುಹಾಕಿದೆ, ಗುರುತು ಸಿಗಬಾರದು. ಪ್ರೈಮರಿಯಲ್ಲಿ 1,325 ಅಕ್ಷರದ "ಅದರ್ ಇಂಪ್ಯಾಕ್ಟ್‌ಫುಲ್ ಎಕ್ಸ್‌ಪೀರಿಯನ್ಸಸ್" ಇದೆಯಲ್ಲ, ಅದನ್ನು ಖಾಲಿ ಬಿಟ್ಟೆ. ಅದು ಬಡತನ, ಮನೆಯ ತೊಂದರೆ ದಾಟಿ ಬಂದವರಿಗೆ ಇರುವ ಜಾಗ. ನಮ್ಮಪ್ಪ ಇಂಜಿನಿಯರ್. ಮೊದಲ ಸಾಲು ಹೇಗೆ ಶುರು ಮಾಡಿದೆ, ಕೊನೆಯ ಸಾಲಿನಲ್ಲಿ ಏನು ಬಿಟ್ಟೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಅವೆರಡಕ್ಕೆ ನಾಲ್ಕು ತಿಂಗಳು ಕೊಟ್ಟಿದ್ದೇನೆ.

ಈ ಸಲ 14 ಕಾಲೇಜು, ಕನ್ಸಲ್ಟಂಟ್ ಇಲ್ಲ, ಒಟ್ಟು 2,000 ಡಾಲರ್ ಆಸುಪಾಸು, ನನ್ನ ಸಂಬಳದಿಂದಲೇ. ಐದು ಇಂಟರ್‌ವ್ಯೂ ಬಂದವು. ಅಂಕ ಏರಿತ್ತು, ಮೊದಲ ಸಲ ಆಗಸ್ಟ್ ಕೊನೆಗೆ ಕಳಿಸಿದ್ದ ಅರ್ಜಿ ಈ ಸಲ ಜೂನ್ ಮೊದಲ ವಾರವೇ ಹೋಗಿತ್ತು. ಅದೂ ಕೆಲಸ ಮಾಡಿದೆ, ಇಲ್ಲ ಅನ್ನಲ್ಲ. ಆದರೆ ಐದರಲ್ಲಿ ನಾಲ್ಕು ಕಡೆ ಸ್ನಾನದ ಬಗ್ಗೆ ಕೇಳಿದರು. ಒಂದು ಕಡೆ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಅದೇ ಮಾತು. "ಆಗ ನೀವೇನು ಮಾಡಿದಿರಿ?" ಎಂದು ಈ ಸಲವೂ ಒಬ್ಬರು ಕೇಳಿದರು. ಸ್ಟೂಲ್ ಎಲ್ಲಿಂದ ತಂದೆ ಅನ್ನುವಲ್ಲಿಂದ ಹೇಳಲು ಶುರು ಮಾಡಿದೆ.