ಟ್ರ್ಯಾಲಿ ಕೆಳಗೆ ಮಲಗುವ ಮುಂಚೆ

ಕಬ್ಬಿನ ಸೀಸನ್ ಶುರುವಾದರೆ ಮುಧೋಳ, ಜಮಖಂಡಿ, ಮಹಾಲಿಂಗಪುರ ಕಡೆಯ ಗ್ಯಾರೇಜುಗಳಿಗೆ ಹಗಲು ರಾತ್ರಿ ಎರಡೂ ಒಂದೇ. ಕಬ್ಬು ಹೊರುವ ಟ್ರ್ಯಾಕ್ಟರ್ ಟ್ರ್ಯಾಲಿಯ ಬೇರಿಂಗ್ ಹೋಯಿತು, ಪಾಟಾ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಮುರಿಯಿತು, ಟೈರ್ ಒಡೆಯಿತು ಅಂತ ಫೋನ್ ಬರುತ್ತಲೇ ಇರುತ್ತದೆ. ಕಾರ್ಖಾನೆ ಮುಂದೆ ಪಾಳಿ ತಪ್ಪಬಾರದು ಅಂತ ಡ್ರೈವರ್‌ಗೆ ಅವಸರ. ಆ ಅವಸರ ನಮ್ಮ ಕೈಗೂ ಅಂಟಿಕೊಳ್ಳುತ್ತದೆ.

ನಾನು ಕೆಲಸ ಕಲಿಯುತ್ತಿದ್ದಾಗಿನ ಮಾತು. ಹೊಲದ ಬದುವಿನ ಹತ್ತಿರ ಖಾಲಿ ಟ್ರ್ಯಾಲಿಯ ಹಬ್ (ಗಾಲಿ ಕೂರುವ ನಡುಭಾಗ) ಬಿಚ್ಚುತ್ತಿದ್ದೆವು. ನಾಲ್ಕು ದಿನದ ಹಿಂದೆ ಹೊಲಕ್ಕೆ ನೀರು ಬಿಟ್ಟಿದ್ದರು. ಎರೆ ಮಣ್ಣು ಮೇಲೆ ಒಣಗಿತ್ತು, ಒಳಗೆ ಹಸಿ. ಬಾಟಲ್ ಜಾಕ್ ಕೊಟ್ಟು ಎತ್ತಿ, ಗಾಲಿ ಬಿಚ್ಚಿ ಬದಿಗಿಟ್ಟೆವು. ತಲೆಗೆ ಗೋಣಿಚೀಲ ಮಡಚಿಟ್ಟುಕೊಂಡು ನಾನು ಕೆಳಗೆ ಮಲಗಿದೆ. ಹತ್ತೊಂಬತ್ತರ ಪಾನಾ (ಸ್ಪ್ಯಾನರ್) ಕೈಗೆ ಸಿಗಲಿಲ್ಲ. ತೆವಳಿಕೊಂಡು ಹೊರಗೆ ಬಂದೆ. ಪೆಟ್ಟಿಗೆ ಮುಟ್ಟುವಷ್ಟರಲ್ಲಿ ಹಿಂದೆ ಧಡ್ ಅಂತ ಸದ್ದು. ಜಾಕ್‌ನ ಬುಡ ಒಂದು ಕಡೆ ಮಣ್ಣಲ್ಲಿ ಹೂತು, ಜಾಕ್ ಓರೆಯಾಗಿ ಸಿಡಿದಿತ್ತು. ನಮ್ಮ ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಗೋಣಿಚೀಲದ ತುದಿ ಹಿಡಿದು ಎಳೆದರು. ಆಕ್ಸಲ್ ಅದರ ಮೇಲೆ ಕೂತಿತ್ತು, ಬರಲಿಲ್ಲ.

ಜಾಕ್ ಇರುವುದು ಎತ್ತುವುದಕ್ಕೆ. ಎತ್ತಿದ್ದನ್ನು ಹೊತ್ತು ನಿಲ್ಲುವುದಕ್ಕಲ್ಲ. ಅದರೊಳಗೆ ಭಾರ ತಡೆಯುವುದು ಎಣ್ಣೆ. ಎಣ್ಣೆಯನ್ನು ತಡೆಯುವುದು ಒಂದು ಸಣ್ಣ ಸೀಲು, ಒಂದು ಸಣ್ಣ ವಾಲ್ವ್. ಸೀಲು ಸವೆದರೆ, ವಾಲ್ವ್‌ನಲ್ಲಿ ಒಂದು ಕಣ ಕಸ ಸಿಕ್ಕರೆ, ಜಾಕ್ ಇಳಿಯುತ್ತದೆ. ಕೆಲವೊಮ್ಮೆ ನಿಧಾನಕ್ಕೆ, ಕೆಲವೊಮ್ಮೆ ಒಮ್ಮೆಗೇ.

ನೆಲ ಮೊದಲು

ಜಾಗ ಸಮ ಇರಬೇಕು. ರಸ್ತೆಯ ಅಂಚಿನ ಇಳಿಜಾರಿನಲ್ಲಿ ಜಾಕ್ ಕೊಡಲೇಬೇಡಿ, ಟ್ರ್ಯಾಲಿಯನ್ನು ನಿಧಾನಕ್ಕೆ ಸಮ ಜಾಗಕ್ಕೆ ತನ್ನಿ. ಟೈರ್ ಹಾಳಾದರೆ ಆಗಲಿ. ಎರೆ ಭೂಮಿಯಲ್ಲಾದರೆ ಜಾಕ್ ಕೆಳಗೆ ದಪ್ಪನೆಯ ಕಟ್ಟಿಗೆ ಹಲಗೆ ಬೇಕೇ ಬೇಕು. ಅದು ಜಾಕ್ ಬುಡಕ್ಕಿಂತ ಮೂರು ನಾಲ್ಕು ಪಟ್ಟು ಅಗಲ ಇರಲಿ. ಭಾರ ಹರಡಿಕೊಂಡರೆ ಬುಡ ಹೂಳುವುದಿಲ್ಲ. ಸೀಸನ್ನಿನಲ್ಲಿ ಅಂಥ ಎರಡು ಹಲಗೆ ಗಾಡಿಯಲ್ಲೇ ಇಟ್ಟುಕೊಳ್ಳಿ.

ಎರಡು ಗಾಲಿಯ ಟ್ರ್ಯಾಲಿಯನ್ನು ಟ್ರ್ಯಾಕ್ಟರ್‌ನಿಂದ ಬಿಡಿಸಬೇಡಿ. ಬಿಡಿಸಿದರೆ ಮುಂದಕ್ಕೋ ಹಿಂದಕ್ಕೋ ವಾಲುತ್ತದೆ. ಟ್ರ್ಯಾಕ್ಟರ್ ಬಂದ್ ಮಾಡಿ, ಗೇರ್‌ನಲ್ಲಿ ಬಿಟ್ಟು, ಬ್ರೇಕ್ ಲಾಕ್ ಹಾಕಿ. ಚಾವಿ ಡ್ರೈವರ್ ಹತ್ತಿರ ಬೇಡ, ಕೆಳಗೆ ಹೋಗುವವನ ಜೇಬಿನಲ್ಲಿರಲಿ. "ಸ್ವಲ್ಪ ಮುಂದ ತಗೋಲೇನ್ರಿ ಅಣ್ಣಾ?" ಅಂತ ಯಾರೋ ಕೂಗುವುದು, ಇನ್ಯಾರೋ "ಹೂಂ" ಅನ್ನುವುದು, ನಮ್ಮಲ್ಲಿ ಆಗುವಂಥದ್ದೇ ಅಲ್ವಾ? ಎತ್ತದ ಕಡೆಯ ಗಾಲಿಗೆ ಮುಂದೂ ಹಿಂದೂ ಅಡ್ಡಗಟ್ಟೆ ಕೊಡಿ.

ಲೋಡ್ ಇದ್ದರೆ ಕೆಳಗೆ ಹೋಗುವ ಮಾತೇ ಬೇಡ. ಹೊರಗೆ ಕೂತು ಗಾಲಿ ಬದಲಿಸುವುದು ಬೇರೆ, ಪಾಟಾ ಬಿಚ್ಚುವುದು ಬೇರೆ. ಪಾಟಾ ಬಿಚ್ಚಬೇಕಾದರೆ ಕಬ್ಬು ಇಳಿಸಲೇಬೇಕು. ಅರ್ಧ ರಾತ್ರಿಯಲ್ಲಿ ಕಬ್ಬು ಇಳಿಸುವ ಕಷ್ಟ ನನಗೂ ಗೊತ್ತು. ಆದರೂ ಇಳಿಸಲೇಬೇಕು.

ಎತ್ತುವುದು, ತಾಂಗು ಕೊಡುವುದು

ಜಾಕ್ ನೇರ ನಿಂತಿರಬೇಕು. ತಲೆ ಆಕ್ಸಲ್‌ನ ಗಟ್ಟಿ ಜಾಗಕ್ಕೆ ಕೂಡಬೇಕು. ಗ್ರೀಸ್ ಇದ್ದರೆ ಮೊದಲು ಒರೆಸಿ. ಎತ್ತರ ಸಾಲದು ಅಂತ ಜಾಕ್ ತಲೆ ಮೇಲೆ ಪೈಪ್ ತುಂಡು, ನಟ್ಟು ಇಟ್ಟು ಏರಿಸುವ ಅಭ್ಯಾಸ ಇದೆ. ಜಾಕ್ ಸಿಡಿಯುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಎತ್ತರ ಬೇಕಾದರೆ ಕೆಳಗಿನ ಹಲಗೆ ದಪ್ಪ ಮಾಡಿ.

ಎತ್ತಿದ ಕೂಡಲೇ ಆಕ್ಸಲ್‌ನ ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಇಲ್ಲದಿದ್ದರೆ ಗಟ್ಟಿ ಕಟ್ಟಿಗೆಯ ತುಂಡುಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಪೇರಿಸಿ. ಇಟ್ಟಿಗೆ ಬೇಡ, ಸಿಮೆಂಟ್ ಬ್ಲಾಕ್ ಬೇಡ, ಕಲ್ಲೂ ಬೇಡ. ನಮ್ಮ ಕಡೆ ಕಲ್ಲಿಗೆ ಬರವಿಲ್ಲ, ಹಾಗಾಗಿ ಕೈ ಅದಕ್ಕೇ ಹೋಗುತ್ತದೆ. ಕಟ್ಟಿಗೆ ಮುರಿಯುವ ಮುಂಚೆ ಕಿರುಗುಟ್ಟುತ್ತದೆ, ಬಾಗುತ್ತದೆ. ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಆಮೇಲೆ ಜಾಕ್ ನಿಧಾನಕ್ಕೆ ಸಡಿಲಿಸಿ, ಭಾರ ಪೂರ್ತಿ ಸ್ಟ್ಯಾಂಡ್ ಮೇಲೆ ಕೂರಲಿ. ಜಾಕ್ ತೆಗೆಯಬೇಡಿ, ತಾಗುವಷ್ಟು ಎತ್ತಿ ಅಲ್ಲೇ ಬಿಡಿ. ಬಿಚ್ಚಿದ ಗಾಲಿಯನ್ನು ಚಾಸಿ (ಟ್ರ್ಯಾಲಿಯ ಕಬ್ಬಿಣದ ಚೌಕಟ್ಟು) ಕೆಳಗೆ ಮಲಗಿಸಿಡಿ.

ಇನ್ನು ಪರೀಕ್ಷೆ. ಹೊರಗೆ ನಿಂತು ಟ್ರ್ಯಾಲಿಯನ್ನು ಭುಜ ಕೊಟ್ಟು ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಈಗಲೇ ಬೀಳಲಿ. ನಟ್ಟುಗಳ ಮೊದಲ ಸಡಿಲಿಕೆ ಗಾಲಿ ನೆಲದ ಮೇಲೆ ಇರುವಾಗಲೇ ಮುಗಿದಿರಬೇಕು. ಎತ್ತಿದ ಮೇಲೆ ಉದ್ದ ಪೈಪ್ ಹಾಕಿ ಜಗ್ಗಿದರೆ ಟ್ರ್ಯಾಲಿಯೇ ಜಗ್ಗಿಕೊಂಡು ಬರುತ್ತದೆ.

ಡಂಪಿಂಗ್ ಟ್ರ್ಯಾಲಿಗೂ ಇದೇ ಮಾತು. ಮೇಲೆದ್ದ ಡಬ್ಬಿಯನ್ನು ಹಿಡಿದಿರುವುದು ಒಂದು ಎಣ್ಣೆ ಪೈಪ್ ಅಷ್ಟೇ. ಅದು ಒಡೆದರೆ ಓಡುವುದಕ್ಕೆ ಪುರುಸೊತ್ತು ಸಿಗದು. ಕಬ್ಬಿಣದ ತಾಂಗು ಕೊಡದೆ ಕೈ ಕೂಡ ಒಳಗೆ ಹಾಕಬೇಡಿ.

ಕೆಳಗೆ ಹೋದ ಮೇಲೆ

ತುಕ್ಕು ಹಿಡಿದ ಬೋಲ್ಟ್‌ಗೆ ಗ್ರೈಂಡರ್ ಹಿಡಿಯಬೇಕಾದರೆ ಗಾರ್ಡ್ ಬಿಚ್ಚಬೇಡಿ, ಕನ್ನಡಕ ಬಿಡಬೇಡಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ಹಾಕುತ್ತದೆ. ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡಿದ ಹಾಗೆ. ಮಲಗಿದವನ ಮುಖಕ್ಕೂ ಅದಕ್ಕೂ ಇರುವುದು ಒಂದು ಗೇಣು.

ಹೊರಗೆ ಒಬ್ಬರು ಇರಲೇಬೇಕು. ಸುಮ್ನೆ ನಿಂತವರಲ್ಲ, ಕಣ್ಣಿಟ್ಟು ನಿಂತವರು. "ಸಣ್ಣ ಹುಡುಗ, ಸಂದಿಯಲ್ಲಿ ತೂರುತ್ತಾನೆ" ಅಂತ ಹುಡುಗರನ್ನು ಕೆಳಗೆ ಕಳಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಕಲಿಯಲು ಬಂದ ದೊಡ್ಡ ಹುಡುಗನಿಗೂ ಮೊದಲ ವರ್ಷ ಹೊರಗಿನ ಕೆಲಸವೇ ಸಾಕು.

ಕೆಲಸ ಮುಗಿದ ಮೇಲೆ ಪಾನಾ, ಸುತ್ತಿಗೆ ಎಲ್ಲ ಎಣಿಸಿ ಹೊರಗೆ ತನ್ನಿ. "ಎಲ್ಲಾರೂ ಹೊರಗ ಬಂದ್ರೇನ್ರಿ?" ಅಂತ ಕೇಳಿ, ಒಬ್ಬೊಬ್ಬರ ಮುಖ ನೋಡಿ, ಆಮೇಲೆ ಜಾಕ್ ಇಳಿಸಿ.

ಯಾರಾದರೂ ಸಿಕ್ಕಿಕೊಂಡರೆ ಕೈ ಹಿಡಿದು ಎಳೆಯಬೇಡಿ, ನೀವೂ ಕೆಳಗೆ ನುಗ್ಗಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎರಡನೇ ಜಾಕ್ ತಂದು ಎತ್ತಲಿ, ಎತ್ತುತ್ತಾ ಹೋದಂತೆ ಕಟ್ಟಿಗೆ ತುಂಡು ತೂರಿಸುತ್ತಾ ಬನ್ನಿ. ಅದಕ್ಕೇ ಹೇಳುವುದು, ಕರೆ ಬಂದಾಗ ಒಂದೇ ಜಾಕ್ ಹಾಕಿಕೊಂಡು ಹೋಗಬೇಡಿ. ನಮ್ಮ ಗಾಡಿಯಲ್ಲಿ ಈಗ ಎರಡಿವೆ.