ಏಳು ದಿನ ಹುಳಿಯಾಗದ ದೋಸೆ ಹಿಟ್ಟು: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮೇ ತಿಂಗಳಲ್ಲಿ ದೋಸೆ ಹಿಟ್ಟು ಮಾರುವವರಿಗೆ ಈ ಕಷ್ಟ ಹೊಸದೇನಲ್ಲ. ರಾತ್ರಿ ರುಬ್ಬಿಟ್ಟರೆ ಬೆಳಗಿನ ಜಾವಕ್ಕೇ ಪಾತ್ರೆ ಉಕ್ಕಿರುತ್ತದೆ. ಫ್ರಿಜ್‌ಗೆ ಸೇರಿಸಿದರೂ ಮೂರನೇ ದಿನ ಹುಳಿ. ಅಕ್ಕಪಕ್ಕದ ಬಿಲ್ಡಿಂಗ್‌ಗಳಿಗೆ ವಾರಕ್ಕೆ ಸುಮಾರು 20 ಕಿಲೋ ಕೊಡುತ್ತೇನೆ. ಅದರಲ್ಲಿ ನಾಲ್ಕೈದು ಕಿಲೋ ಮೋರಿಗೇ ಹೋಗುತ್ತಿತ್ತು. ಕಿಲೋಗೆ 80 ರೂಪಾಯಿ ಹಿಡಿದರೂ ತಿಂಗಳಿಗೆ 1,400, 1,500 ಲುಕ್ಸಾನು.

ಅಂಗಡಿಯವನು ದೊಡ್ಡ ಫ್ರಿಜ್ ತಗೊಳ್ಳಿ ಅಂದ. 30 ಸಾವಿರ ಚಿಲ್ಲರೆ! ಅತ್ತೆ, "ಹಿಟ್ಟು ಅಂದ್ಮೇಲೆ ಹುಳಿಯಾಗೇ ಆಗುತ್ತೆ, ದಿನಾ ರುಬ್ಬು" ಅಂದರು. ದಿನಾ ಗ್ರೈಂಡರ್ ಹಾಕಿದರೆ ಕೆಳಗಿನ ಮನೆ ಕಾಕೂ (ಮರಾಠಿ ಚಿಕ್ಕಮ್ಮ) ಬಾಗಿಲು ಬಡಿಯುತ್ತಾರೆ.

ಫ್ರಿಜ್ ನಂಬರ್ ಪೂರ್ತಿ ಏರಿಸಿ ನೋಡಿದೆ. ಹಿಂದಿನ ಗೋಡೆಗೆ ತಾಗಿದ ಹಿಟ್ಟು ಗಡ್ಡೆ ಕಟ್ಟಿತು, ಮುಂದಿನದು ಹುಳಿಯಾಗಿಯೇ ಇತ್ತು. ಉಬ್ಬುವ ಮೊದಲೇ ಒಳಗಿಟ್ಟೆ. ದೋಸೆಗೆ ತೂತೇ ಬೀಳಲಿಲ್ಲ, ಗಿರಾಕಿಗಳು ಮುಖಕ್ಕೇ ಹೇಳಿದರು. ಗಾಳಿಯಾಡದ ಡಬ್ಬಿಯ ಕಥೆ ಬೇಡ. ಮುಚ್ಚಳ ಎಗರಿ ಫ್ರಿಜ್ ತುಂಬಾ ಹಿಟ್ಟು.

ಆಮೇಲೆ ಮುಂಬೈಯ ಲೋಹಾರ್ ಚಾಳ್ ಮಾರ್ಕೆಟ್ ಕಡೆ ಹೋದಾಗ 250 ರೂಪಾಯಿಗೆ ಕಡ್ಡಿ ಥರ್ಮಾಮೀಟರ್ ತಂದೆ. ನೀರು ತುಂಬಿದ ಲೋಟಗಳನ್ನು ಅಲ್ಲಲ್ಲಿ ಇಟ್ಟು ಬೆಳಿಗ್ಗೆ ಅಳೆದೆ. ಬಾಗಿಲಲ್ಲಿ 10 ಡಿಗ್ರಿ, ನಡುವೆ 7, ಮೇಲಿನ ತಟ್ಟೆಯ ಹಿಂದೆ 4. ಅಸಲಿ ವಿಷಯ ಗೊತ್ತಾಗಿದ್ದು ಐದು ಲೀಟರ್ ಪಾತ್ರೆಯ ನಡುವಿಗೆ ಕಡ್ಡಿ ಚುಚ್ಚಿದಾಗ. ಒಳಗಿಟ್ಟು ಮೂರು ಗಂಟೆ ಕಳೆದಿತ್ತು, ಇನ್ನೂ 20ರ ಮೇಲೇ ಇತ್ತು! ಹೊರಗೆ ಪಾತ್ರೆ ತಣ್ಣಗೆ, ಒಳಗೆ ಹಿಟ್ಟು ಹುದುಗುತ್ತಲೇ ಇದೆ.

ಮುಂಬೈಯದೇ ಭುಲೇಶ್ವರ ಮಾರ್ಕೆಟ್‌ನಿಂದ ಚಪ್ಪಟೆ ಸ್ಟೀಲ್ ಡಬ್ಬಿ ಹತ್ತು ತಂದೆ, 2 ಸಾವಿರದ ಹತ್ತಿರ. ಒಂದರಲ್ಲಿ ಒಂದೇ ಕಿಲೋ, ಎರಡು ಬೆರಳು ಆಳ. ಒಂದರ ಮೇಲೊಂದು ಪೇರಿಸುವುದಿಲ್ಲ, ನಡುವೆ ಗಾಳಿ ಓಡಬೇಕು. ಮೊದಲ ಒಂದು ಗಂಟೆ ಬಾಗಿಲು ತೆಗೆಯಲು ಯಾರಿಗೂ ಬಿಡುವುದಿಲ್ಲ. ಬಾಗಿಲಿನ ರಬ್ಬರ್‌ಗೆ ಕಾಗದ ಸಿಕ್ಕಿಸಿ ಎಳೆದರೆ ಸಲೀಸಾಗಿ ಬರುತ್ತಿತ್ತು, 600 ಕೊಟ್ಟು ಅದನ್ನೂ ಬದಲಿಸಿದೆ. ವಾರಕ್ಕೆ ಎರಡೇ ಸಲ ರುಬ್ಬುತ್ತೇನೆ. ಒಂದು ಡಬ್ಬಿಯನ್ನು ಬೇಕೆಂದೇ ಏಳು ದಿನ ಇಟ್ಟು ಅತ್ತೆಗೆ ದೋಸೆ ಹಾಕಿಕೊಟ್ಟೆ. ನಿನ್ನೆ ರುಬ್ಬಿದ್ದಾ ಅಂತ ಕೇಳಿದರು. ಸುಮ್ನೆ ಚಟ್ನಿ ಬಡಿಸಿದೆ.

ಎಷ್ಟು ಉಬ್ಬಿದಾಗ ಒಳಗಿಡಬೇಕು ಅನ್ನುವುದನ್ನು ಮಾತ್ರ ಕೇಳಬೇಡಿ. ಅದು ನನ್ನ ವ್ಯಾಪಾರ, ಅಲ್ವಾ?

ಥರ್ಮಾಮೀಟರ್ ಕೈಗೆ ಬಂದ ಮೇಲೆ ಕೊತ್ತಂಬರಿಗೂ ಕೈ ಹಾಕಿದೆ. ಮಳೆಗಾಲದಲ್ಲಿ ಕಟ್ಟಿಗೆ 50 ಕೊಟ್ಟು ಕೊಳೆಸುವುದಕ್ಕೆ ಹೊಟ್ಟೆ ಉರಿಯುತ್ತದೆ. ತೊಳೆಯದೆ, ಫ್ಯಾನ್ ಕೆಳಗೆ ಆರಿಸಿ, ಹಳೆ ಪಂಚೆ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಹತ್ತು ದಿನ ಮೋಸವಿಲ್ಲ. ಬಟ್ಟೆ ಒದ್ದೆಯಾದರೆ ಬದಲಿಸಬೇಕು. ಹೆಚ್ಚಿ ಫ್ರೀಜರ್‌ಗೆ ಹಾಕಿದ್ದು ಸಾರಿಗೆ ಆಯಿತು, ಮೇಲೆ ಉದುರಿಸಲು ಆಗಲಿಲ್ಲ. ಕಾಯಿತುರಿ ಫ್ರೀಜರ್‌ನಲ್ಲಿ ತಿಂಗಳು ಆರಾಮಾಗಿ ಇರುತ್ತದೆ. ಸೇಬಿನ ಪಕ್ಕ ಇಟ್ಟ ಕೊತ್ತಂಬರಿ ಬೇಗ ಹಳದಿಯಾಯಿತು. ಹಣ್ಣು ಬಿಡುವ ಎಥಿಲೀನ್ ಅನಿಲದ ಕೆಲಸ ಅದು. ಈಗ ಸೇಬು ಕೆಳಗಿನ ಟ್ರೇಗೆ, ಸೊಪ್ಪು ಮೇಲಕ್ಕೆ.